ಚಾಕಿ ಮನೆಯ ಹೀಟರ್

ವರಲಕ್ಷ್ಮಿಯ ಫೋನು ಬಂದಾಗ ಶುಭಾ ಒಲೆಯ ಮೇಲೆ ಹಾಲಿಟ್ಟಿದ್ದಳು.

"ಶುಭಮ್ಮಾ, ರೂಮು ಕಾದ ಹೆಂಚಾಗೈತೆ ಕಣಮ್ಮ! ಕಂಪ್ಯೂಟರು ನೋಡಿದ್ರೆ ಇಪ್ಪತ್ತೇಳು ಅಂತೈತೆ, ಗೋಡೆ ಮೇಲಿನ ಥರ್ಮಾಮೀಟ್ರು ಮೂವತ್ತಾರು ತೋರಿಸ್ತೈತೆ. ಹುಳ ಬೇರೆ ಜ್ವರಕ್ಕೆ ಕೂತವೆ."

"ಮೊದ್ಲು ಹೀಟರಿನ ಮೈನ್ ಸ್ವಿಚ್ ಆಫ್ ಮಾಡಿ. ಕಿಟಕಿ ತೆಗೀರಿ. ಈಗಲೇ ಹೊರಡ್ತೀವಿ."

ಮೇಲೂರಿನಲ್ಲಿ ವರಲಕ್ಷ್ಮಿ ಚಾಕಿ ಮನೆ ನಡೆಸುತ್ತಿದ್ದಳು. ಆಗಷ್ಟೇ ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಎರಡು ಜ್ವರ ದಾಟಿಸಿ ರೈತರಿಗೆ ಕೊಡುವುದು ಅವಳ ಕಸುಬು. ಹುಳು ಪೊರೆ ಕಳಚುವ ಮುಂಚೆ ಮಿಸುಕದೆ ಕೂರುವುದಕ್ಕೆ ಆ ಕಡೆ ಜ್ವರವೆಂದೇ ಹೆಸರು. ಚಳಿಗಾಲದಲ್ಲಿ ಕೆಂಡದ ಒಲೆ ಕಾಯುವ ಬದಲು ಹೀಟರನ್ನೂ ಹನಿ ಚಿಮ್ಮಿಸುವ ಫಾಗರನ್ನೂ ಕಂಪ್ಯೂಟರಿಗೆ ಒಪ್ಪಿಸುವ ಏರ್ಪಾಡು ಮಾಡಿಕೊಟ್ಟವರು ಚಿಕ್ಕಬಳ್ಳಾಪುರದ ಶುಭಾ ಮತ್ತು ಅವಳ ತಮ್ಮ ಶ್ರೀಕರ್. ಬಿಸಿ ಅಳೆಯುವ ಸೆನ್ಸರನ್ನೂ ಸ್ವಿಚ್ಚುಗಳನ್ನೂ ಕಂಪ್ಯೂಟರಿಗೆ ಜೋಡಿಸುವ ಬೋರ್ಡು ಅವನದು. ಕಂಪ್ಯೂಟರು ನಡೆಸುವ ಲಿನಕ್ಸಿನ ತಿರುಳಾದ ಕರ್ನೆಲ್ಲಿನೊಳಗೆ ಕೂತು ಆ ಬೋರ್ಡನ್ನು ಆಡಿಸುವ ಡ್ರೈವರ್ ಎಂಬ ಪ್ರೋಗ್ರಾಮು ಅವಳದು.

ಶಿಡ್ಲಘಟ್ಟದ ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತ ಶುಭಾಗೆ ಒಂದೇ ಯೋಚನೆ. ಕಳೆದ ವರ್ಷವೆಲ್ಲ ನೆಟ್ಟಗಿದ್ದದ್ದು ಈಗೇಕೆ ಕೈಕೊಟ್ಟಿತು? ಬದಲಾಗಿದ್ದದ್ದು ಕಂಪ್ಯೂಟರು ಮಾತ್ರ. ಹಳೆಯದು ಕೆಟ್ಟಿತೆಂದು ಶ್ರೀಕರ್ ಹೋದ ವಾರ ಹೊಸದನ್ನು ತಂದಿಟ್ಟಿದ್ದ. ಎರಡು ಪ್ರೊಸೆಸರಿನದು, 2007ರಲ್ಲಿ ಅಂಗಡಿಯವರು ಹೊಗಳಿ ಮಾರುತ್ತಿದ್ದ ಬಗೆಯದು.

ಚಾಕಿ ಮನೆಯ ಬಾಗಿಲಲ್ಲೇ ಇನ್ನೂ ಆರದ ಬಿಸಿ ಮುಖಕ್ಕೆ ಹೊಡೆಯಿತು. ಪರದೆಯ ಮೇಲೆ ಇಪ್ಪತ್ತೇಳು ಹಾಗೇ ನಿಂತಿತ್ತು. ಕೀಲಿ ಒತ್ತಿದರೂ ಮೌಸ್ ಅಲುಗಿಸಿದರೂ ಕಂಪ್ಯೂಟರು ಪ್ರಾಣ ಹೋದಂತೆ ಬಿದ್ದಿತ್ತು. ಹೀಟರಿಗೆ ಹತ್ತಿರವಿದ್ದ ಸ್ಟ್ಯಾಂಡಿನ ಟ್ರೇಗಳ ಮುಂದೆ ವರಲಕ್ಷ್ಮಿ ಬಗ್ಗಿ ನಿಂತಿದ್ದಳು.

"ಇವು ಏಳ್ತಾವೋ ಇಲ್ವೋ," ಎಂದಳು, ತಿರುಗಿ ನೋಡದೆ. "ಮುನಿವೆಂಕಟಪ್ಪನೋರಿಗೆ ಕೊಡಬೇಕಾಗಿದ್ದ ಹುಳ."

"ನೀವು ಮಾಡಿದ್ದರಲ್ಲಿ ತಪ್ಪಿಲ್ಲ," ಎಂದಳು ಶುಭಾ.

ಡ್ರೈವರಿನಲ್ಲಿ ಎರಡು ಲಾಕುಗಳಿದ್ದವು. ಸೆನ್ಸರಿಗೊಂದು, ಸ್ವಿಚ್ಚುಗಳಿಗೊಂದು. ಡ್ರೈವರಿನ ಹೀಟರ್ ಕೆಲಸ ಬಳಸುವಾಗ ಫಾಗರಿನ ಕೆಲಸ ಕೈ ಹಾಕದಿರಲೆಂದು ಹಾಕಿದವು. ಕಂಪ್ಯೂಟರು ನಿಂತಿರುವುದು ಅಲ್ಲೇ ಎಲ್ಲೋ ಎಂದು ಅವಳು ಹೇಳಿದ್ದೇ ತಡ, ಶ್ರೀಕರ್ ಕುರ್ಚಿ ಎಳೆದುಕೊಂಡ.

"ಸ್ವಿಚ್ಚಿನ ಲಾಕ್ ತೆಗೆದುಬಿಡೋಣ ಅಕ್ಕ. ಕಾಯೋದೇ ಇಲ್ಲ ಅಂದ್ರೆ ನಿಲ್ಲೋದು ಎಲ್ಲಿಂದ ಬಂತು?"

"ಅದು ಸುಮ್ನೆ ಇಟ್ಟಿದ್ದಲ್ಲ ಕಣೋ."

"ಹುಳ ಸಾಯ್ತಿವೆ. ಮೊದ್ಲು ಓಡಿಸಣ."

ಅವಳಿಗೆ ಬೇಡವೆನ್ನುವ ಧೈರ್ಯ ಬರಲಿಲ್ಲ. ಕಿಟಕಿ ಬಾಗಿಲು ತೆಗೆದಿಟ್ಟದ್ದಕ್ಕೆ ಕೋಣೆಯೊಳಗೆ ಈಗ ಚಳಿ ನುಗ್ಗುತ್ತಿತ್ತು, ಅದೂ ಹುಳಕ್ಕೆ ಕೇಡೇ. ಕಂಪ್ಯೂಟರನ್ನು ಮತ್ತೆ ಶುರು ಮಾಡಿ, ಲಾಕ್ ತೆಗೆದು, ಹೀಟರಿನ ಮೈನ್ ಹಾಕಿ ಓಡಿಸಿದರು. ಅಂಕಿಗಳು ಸರಿದವು, ಹೀಟರ್ ಹತ್ತಿತು, ಆರಿತು, ಮತ್ತೆ ಹತ್ತಿತು. ವರಲಕ್ಷ್ಮಿ ನಿಟ್ಟುಸಿರು ಬಿಟ್ಟು ಟೀ ತರಲು ಹೋದಳು. ಶ್ರೀಕರ್ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ಹಾಕತೊಡಗಿದ. ಶುಭಾ ಮಾತ್ರ ಹೀಟರಿನ ಕೆಂಪು ದೀಪದಿಂದ ಕಣ್ಣು ಕೀಳಲಿಲ್ಲ.

ಟೀ ಆರುವಷ್ಟರಲ್ಲಿ ಅದು ಕಾಣಿಸಿತು. ಪರದೆ ಹೀಟರ್ ಆಫ್ ಎನ್ನುತ್ತಿತ್ತು, ದೀಪ ಉರಿಯುತ್ತಲೇ ಇತ್ತು.

"ಶ್ರೀಕರ್, ಮೈನ್ ತೆಗಿ!"

ಅವನು ಹಾರಿ ಸ್ವಿಚ್ ಎಳೆದ.

"ದೇವುಡಾ, ಇದೇನು ದೆವ್ವಾನಾ?" ಎಂದಳು ವರಲಕ್ಷ್ಮಿ.

ದೆವ್ವವಲ್ಲ. ಹೀಟರ್, ಫಾಗರ್ ಎರಡೂ ಹತ್ತಿವೆಯೋ ಆರಿವೆಯೋ ಎಂಬುದನ್ನು ಬೋರ್ಡು ಒಂದೇ ಸಂಖ್ಯೆಯಲ್ಲಿ ಇಟ್ಟುಕೊಂಡಿತ್ತು. ಫಾಗರ್ ನೋಡಿಕೊಳ್ಳುವ ಕೆಲಸ ಆ ಸಂಖ್ಯೆಯನ್ನು ಓದಿಕೊಂಡಿತು. ಅದು ತಿದ್ದಿ ಬರೆಯುವಷ್ಟರಲ್ಲಿ ಹೀಟರ್ ನೋಡಿಕೊಳ್ಳುವ ಕೆಲಸ ಬಂದು ಹೀಟರನ್ನು ಆರಿಸಿತು. ಆಮೇಲೆ ಮೊದಲನೆಯದು ತನ್ನ ಹಳೆಯ ಸಂಖ್ಯೆಯನ್ನೇ ತಿದ್ದಿ ಮೇಲೆ ಬರೆಯಿತು. ಹೀಟರ್ ಮತ್ತೆ ಹತ್ತಿತು, ಹತ್ತಿದ್ದು ಕಂಪ್ಯೂಟರಿಗೆ ಗೊತ್ತಾಗಲಿಲ್ಲ. ಲಾಕ್ ಇದ್ದದ್ದು ಇದನ್ನು ತಡೆಯಲಿಕ್ಕೇ.

"ನಂದೇ ಅವಸರ," ಎಂದ ಶ್ರೀಕರ್ ಮೆಲ್ಲಗೆ.

"ನಾನೂ ಸುಮ್ನಿದ್ನಲ್ಲ. ಈಗ ನಂಗೆ ಓದೋಕೆ ಬಿಡು."

ವರಲಕ್ಷ್ಮಿ ಕಾಯುತ್ತ ಕೂರಲಿಲ್ಲ. ಅಟ್ಟದಿಂದ ಹಳೆಯ ಒಲೆ ಇಳಿಸಿ ಕೆಂಡ ಮಾಡಿ ಬಾಗಿಲು ಮುಂದಕ್ಕೆ ಎಳೆದಳು. ಶುಭಾ ಸಾಲು ಸಾಲಾಗಿ ತನ್ನದೇ ಬರಹವನ್ನು ಓದಿದಳು, ಬೇರೆ ಯಾರೋ ಬರೆದದ್ದೆಂಬಂತೆ. ಮಧ್ಯಾಹ್ನವಾಗುವ ಹೊತ್ತಿಗೆ ಸಿಕ್ಕಿತು. ಹೀಟರಿನ ಕೆಲಸ ಮೊದಲು ಸೆನ್ಸರ್ ಲಾಕ್ ಹಿಡಿದು, ಅದನ್ನು ಬಿಡದೆ ಸ್ವಿಚ್ಚಿನದಕ್ಕೆ ಕೈ ಚಾಚುತ್ತಿತ್ತು. ಫಾಗರಿನದು ಸ್ವಿಚ್ಚಿನದನ್ನು ಹಿಡಿದು ಸೆನ್ಸರಿನದಕ್ಕೆ ಕೈ ಚಾಚುತ್ತಿತ್ತು. ಹಳೆಯ ಕಂಪ್ಯೂಟರಿನ ಒಂಟಿ ಪ್ರೊಸೆಸರು ಒಂದನ್ನು ಮುಗಿಸಿಯೇ ಇನ್ನೊಂದಕ್ಕೆ ಹೋಗುತ್ತಿದ್ದುದರಿಂದ ತಪ್ಪು ಹೊರಬಿದ್ದಿರಲಿಲ್ಲ. ಹೊಸದರಲ್ಲಿ ಎರಡೂ ಒಟ್ಟಿಗೆ ನಡೆದು, ಒಂದಕ್ಕೆ ಬೇಕಾದ ಲಾಕು ಇನ್ನೊಂದರ ಕೈಯಲ್ಲಿ ಸಿಕ್ಕಿ, ಎರಡೂ ಕಾಯುತ್ತ ನಿಂತೇಬಿಟ್ಟಿದ್ದವು, ಹತ್ತಿದ್ದ ಹೀಟರನ್ನು ಆರಿಸುವವರಿರಲಿಲ್ಲ.

ತೆಗೆದಿದ್ದ ಲಾಕನ್ನು ಮರಳಿ ಹಾಕಿ, ತಿದ್ದಿದ್ದು ಎರಡೇ ಸಾಲು. ಯಾರೇ ಬರಲಿ, ಮೊದಲು ಸೆನ್ಸರ್, ಆಮೇಲೆ ಸ್ವಿಚ್ಚು.

ಆದರೂ ಅವಳಿಗೆ ನಂಬಿಕೆ ಬರಲಿಲ್ಲ. ಬೆಳಗ್ಗೆಯೂ ಓಡಿತ್ತಲ್ಲ! ಹೀಟರ್ ಕಳಚಿ ಆ ಜಾಗಕ್ಕೆ ಬಲ್ಬು ಹಾಕಿಸಿ, ಎರಡೂ ಕೆಲಸಗಳನ್ನು ಬಿಡುವಿಲ್ಲದೆ ಒಂದರ ಮೇಲೊಂದು ಓಡಿಸಿದಳು. ಮೊದಲು ಹಳೆಯ ಡ್ರೈವರ್. ಕಣ್ಣು ಮಿಟುಕಿಸುವಷ್ಟರಲ್ಲಿ ಕಂಪ್ಯೂಟರು ಸತ್ತಿತು. ಆಮೇಲೆ ತಿದ್ದಿದ್ದು. ಬಲ್ಬು ಮಿಣಮಿಣ ಎನ್ನುತ್ತಲೇ ಇತ್ತು, ಸಂಜೆ ಬಿಸಿಲು ಕಿಟಕಿಯಿಂದ ಇಳಿಯುವವರೆಗೂ.

"ಇನ್ನು ಹೀಟರ್ ಹಾಕಣ್ವಾ?" ಶ್ರೀಕರ್ ಕೇಳಿದ.

"ಒಂದು ಥರ್ಮೋಸ್ಟಾಟ್ ಸೇರಿಸಿ ಹಾಕು. ಮೂವತ್ತು ದಾಟಿದ್ರೆ ಕಂಪ್ಯೂಟರ್ ಏನೇ ಹೇಳ್ಲಿ, ಕರೆಂಟ್ ಕಟ್ ಆಗ್ಬೇಕು. ನನ್ನ ಡ್ರೈವರ್ ಒಂದನ್ನೇ ನಂಬ್ಕೊಂಡು ನಾನು ಮನೆಗೆ ಬರಲ್ಲ."

ಅವನು ಶಿಡ್ಲಘಟ್ಟಕ್ಕೆ ಹೋಗಿ ತಂದು ಜೋಡಿಸಿದ.

ಮಾರನೆಯ ಬೆಳಗ್ಗೆ ಫೋನು ಬಡಿದುಕೊಂಡಾಗ ಶುಭಾ ಎರಡು ಸಲ ಬಿಟ್ಟು ಮೂರನೆಯ ಸಲ ಎತ್ತಿದಳು.

"ಎದ್ದವೆ ಕಣಮ್ಮ, ಸೊಪ್ಪು ಕೇಳ್ತಾವೆ," ಎಂದಳು ವರಲಕ್ಷ್ಮಿ. "ಹೀಟರ್ ಪಕ್ಕದ ಸ್ಟ್ಯಾಂಡು ಮಾತ್ರ ಹೋಯ್ತು. ಮುನಿವೆಂಕಟಪ್ಪನೋರಿಗೆ ಏನು ಹೇಳ್ಲಿ?"

"ನೀವು ಹೇಳ್ಬೇಡಿ. ನಾನೇ ಬಂದು, ನನ್ನ ಕೆಲಸದಲ್ಲಿ ತಪ್ಪಾಯ್ತು ಅಂತ ಹೇಳ್ತೀನಿ."

"ಬಾಮ್ಮ," ಎಂದಳು ವರಲಕ್ಷ್ಮಿ. "ಕಂಪ್ಯೂಟರು ಹೀಟ್ರು ಆಫ್ ಅಂತೈತೆ, ನಿಜ್ವಾಗ್ಲೂ ಆರೈತೆ. ನಾನೇ ಮುಟ್ಟಿ ನೋಡ್ದೆ."