ಇಪ್ಪತ್ತಮೂರು ಜೊತೆ ಕಣ್ಣು

ಹದಿನಾರು ವರ್ಷ “ಥೂ, ಗೊಂಬೆ ಕೆಲಸ” ಎಂದು ಮೂಗು ಮುರಿದ ಮನುಷ್ಯ ಅದೇ ಗೊಂಬೆ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ ಎಂದು ತಿಳಿದಾಗ ಕಡ್ಡಿಯಮ್ಮನಿಗೆ ಮೊದಲು ಬಂದದ್ದು ನಗು. ಸಿಟ್ಟು ಆಮೇಲೆ ಬಂತು, ಪಾತ್ರೆ ತಿಕ್ಕುವಾಗ.

ಆ ಮನುಷ್ಯ ಅವಳ ಅಕ್ಕನ ಗಂಡ. ಕಚೇರಿಗಳ ಗೋಡೆಗೆ ದೊಡ್ಡ ಮನುಷ್ಯರ ಮುಖ ಬರೆದುಕೊಡುವುದು ಅವನ ಕಸುಬು. ಕಸುಬು ಎಂದರೆ ಅವನಿಗೆ ಕೋಪ, ಕಲೆ ಎನ್ನಬೇಕು. ಆರು ವರ್ಷದಿಂದ ಆ ಕಲೆಯನ್ನು ಕೇಳುವವರಿಲ್ಲ. ಈಗ ಎಲ್ಲರೂ ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸುತ್ತಾರೆ. ಆದರೂ ಭಾವ ದಿನಾ ಬೆಳಿಗ್ಗೆ ಬಣ್ಣ ಮೆತ್ತಿದ ಹಳೇ ಕೋಟು ತೊಟ್ಟು, ಹಜಾರದ ನಡುವೆ ಖಾಲಿ ಕ್ಯಾನ್ವಾಸಿನ ಮುಂದೆ ಕೂತು, ಒಂಬತ್ತು ಗಂಟೆಗೆ ಸರಿಯಾಗಿ ಕಾಫಿ ಕುಡಿಯುವುದನ್ನು ಬಿಟ್ಟಿಲ್ಲ. ಆ ಕಾಫಿ ಮಾಡಿ ಕೈಗೆ ಕೊಡುವವಳು ಕಡ್ಡಿಯಮ್ಮ.

ಕಡ್ಡಿಯಮ್ಮ ಎಂಬುದು ಮಾದರಿ ರೈಲು ಸಂಘದವರು ಇಟ್ಟ ಹೆಸರು. ಸಂಘ ಎಂದರೆ ಏನು ಮಹಾ? ನಿವೃತ್ತ ಚಾಲಕರು, ಗಾರ್ಡುಗಳು, ಒಂದಿಬ್ಬರು ಗಡಿಯಾರ ರಿಪೇರಿಯವರು. ಮೇಜಿನ ಮೇಲೆ ಹಳಿ ಹಾಸಿ, ಮೊಳದುದ್ದದ ರೈಲು ಓಡಿಸಿ, ತಾವೇ ಸೀಟಿ ಊದಿ ತಾವೇ ಚಪ್ಪಾಳೆ ತಟ್ಟಿಕೊಳ್ಳುವ ಮುದಿ ಮಕ್ಕಳು. ಆ ರೈಲಿಗೆ ಪ್ರಯಾಣಿಕರು ಬೇಕಲ್ಲ? ಕಿರುಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಪ್ಲಾಸ್ಟಿಕ್ ಗೊಂಬೆಗಳು ಬಣ್ಣವಿಲ್ಲದೆ ಡಬ್ಬಿಯಲ್ಲಿ ಬರುತ್ತವೆ. ಅವನ್ನು ಮನುಷ್ಯರನ್ನಾಗಿ ಮಾಡುವುದು ಇವಳ ಕೆಲಸ. ಸೋಪಿನ ನೀರಲ್ಲಿ ತೊಳೆದು, ಐಸ್‌ಕ್ರೀಂ ಕಡ್ಡಿಯ ತುದಿಗೆ ಅಂಟಿಸಿ, ಮೊದಲು ಬೂದು ಬಣ್ಣ ಕೊಟ್ಟು, ಆಮೇಲೆ ನಾಲ್ಕೇ ಕೂದಲಿನ ಕುಂಚದಲ್ಲಿ ಕೋಟು, ಟೋಪಿ, ಚೀಲ, ಬೂಟು. ಯಾವಾಗ ನೋಡಿದರೂ ಕೈಯಲ್ಲಿ ಕಡ್ಡಿ. ಮೈಯೂ ಕಡ್ಡಿಯೇ. ಹೆಸರು ಅಂಟಿಕೊಂಡಿತು.

ಅಕ್ಕನ ಹೆರಿಗೆಗೆಂದು ಎರಡು ತಿಂಗಳ ಮಟ್ಟಿಗೆ ಬಂದವಳು ಅವಳು. ಆ ಮಗು ಈಗ ಕಾಲೇಜಿಗೆ ಹೋಗುತ್ತಿದೆ. ಕಡ್ಡಿಯಮ್ಮ ಮಾತ್ರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಪೊರಕೆ, ಹಳೇ ಸೂಟ್‌ಕೇಸು, ಕಾಲು ಮುರಿದ ಕುರ್ಚಿಗಳ ಜೊತೆ ಹಾಗೇ ಉಳಿದಳು. ಆ ಕೋಣೆಯ ಬಾಗಿಲಿಗೆ ಚಿಲಕ ಇದ್ದದ್ದು ಹೊರಗಡೆ ಮಾತ್ರ. ಸಾಮಾನಿಡುವ ಕೋಣೆಗೆ ಒಳಗಿನ ಚಿಲಕ ಯಾರು ಹಾಕಿಸುತ್ತಾರೆ?

ಹೀಗಿರುವಾಗ ಸಂಘಕ್ಕೆ ಹಳೇ ಸರಕು ಗೋದಾಮು ಸಿಕ್ಕಿತು. ಅಲ್ಲಿ ಜನರೆಲ್ಲ ಬಂದು ನೋಡುವಂತೆ ದೊಡ್ಡ ಮಾದರಿ ರೈಲು, ಊರು, ಸ್ಟೇಷನ್ನು, ಎಲ್ಲ ಖಾಯಂ ಆಗಿ ಇರುತ್ತದೆ. ಗೊಂಬೆಗಳನ್ನು ನೋಡಿಕೊಳ್ಳಲು ಒಬ್ಬರಿಗೆ ಖಾಯಂ ಕೆಲಸ. ಕೆಲಸದ ಜೊತೆಗೆ ಮಹಡಿ ಮೇಲೆ ಇರಲು ಒಂದು ಕೋಣೆ. ಕಡ್ಡಿಯಮ್ಮ ಅದನ್ನು ನೋಡಿ ಬಂದಿದ್ದಳು. ಒಂದು ಕಿಟಕಿ, ಒಂದು ನಲ್ಲಿ, ಬಾಗಿಲಿಗೆ ಒಳಗಡೆ ಹಿತ್ತಾಳೆಯ ಚಿಲಕ. ಅದನ್ನು ನಾಲ್ಕು ಸಲ ಹಾಕಿ ತೆಗೆದು ನೋಡಿದ್ದಳು. ಕೆಲಸ ತನ್ನದೇ ಎಂದುಕೊಂಡಿದ್ದಳು, ಪಾಪ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಅವಳಿಗೆ ಮರೆತುಹೋಗಿತ್ತು. ಎರಡು ಅರ್ಜಿ ಬಂದಿವೆ, ಇಬ್ಬರೂ ಇಪ್ಪತ್ತನಾಲ್ಕು ಇಪ್ಪತ್ತನಾಲ್ಕು ಗೊಂಬೆ ಮಾಡಿ ತೋರಿಸಲಿ, ಗೆದ್ದವರ ಗೊಂಬೆಗಳೇ ಉದ್ಘಾಟನೆಯ ದಿನ ಪ್ಲಾಟ್‌ಫಾರಂ ಮೇಲೆ ನಿಲ್ಲಲಿ ಎಂದು ಸಂಘ ತೀರ್ಮಾನ ಮಾಡಿತು.

“ಅವರಿಗೂ ಒಂದು ಅವಕಾಶ ಸಿಗ್ಲಿ ಬಿಡೇ,” ಎಂದಳು ಅಕ್ಕ. “ಗಂಡಸು ಮನೇಲೇ ಕೂತ್ರೆ ಮನೆ ಮನೆಯಾಗಿರಲ್ಲ.”

“ಮತ್ತೆ ನಾನು?”

“ನಿನಗೇನೇ ಕಮ್ಮಿ ಆಗಿದೆ ಇಲ್ಲಿ?”

ಕಡ್ಡಿಯಮ್ಮ ಬಾಣಲೆಯನ್ನು ಇನ್ನಷ್ಟು ಗಟ್ಟಿಯಾಗಿ ತಿಕ್ಕಿದಳು.

“ಹೆಂಗೆ ಮಾಡೋದು ಅಂತ ಅವರಿಗೆ ಒಂಚೂರು ಹೇಳ್ಕೊಡು. ನಿನಗೆ ಪುಣ್ಯ ಬರುತ್ತೆ,” ಎಂದಳು ಅಕ್ಕ. ಆ ಮನೆಯಲ್ಲಿ ಕಡ್ಡಿಯಮ್ಮನ ಪಾಲಿಗೆ ಯಾವಾಗಲೂ ಬರುತ್ತಿದ್ದದ್ದು ಪುಣ್ಯ ಒಂದೇ.

ಭಾವ ಹೇಳಿಸಿಕೊಳ್ಳಲು ಬರಲಿಲ್ಲ, ತೆಗೆದುಕೊಂಡು ಹೋಗಲು ಬಂದ. ಅವಳ ಮೇಜು ಹಜಾರಕ್ಕೆ ಹೋಯಿತು. ದೀಪ ಹೋಯಿತು, ಭೂತಗನ್ನಡಿ ಹೋಯಿತು, ಅತಿ ಸಣ್ಣ ಕುಂಚ ಎರಡೂ ಹೋದವು. ಕಡ್ಡಿಯಮ್ಮ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಹಗಲ ಬೆಳಕಲ್ಲಿ, ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡಿದಳು. ಆದರೂ ಬಾಯಿ ಸುಮ್ಮನಿರಲಿಲ್ಲ. ಕೆಟ್ಟ ಕೆಲಸ ಕಣ್ಣೆದುರಿಗೆ ನಡೆಯುತ್ತಿದ್ದರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ, ಮಾಡುವವನು ಶತ್ರುವಾದರೂ ಸರಿ.

“ಭಾವ, ಒಂದು ಮಾತು. ಕಣ್ಣು ಬರೀಬೇಡಿ.”

“ಏನಂದೆ?”

“ಈ ಸೈಜಲ್ಲಿ ಕಣ್ಣಿಗೆ ಎಷ್ಟು ಸಣ್ಣ ಚುಕ್ಕೆ ಇಟ್ರೂ ದೊಡ್ಡದೇ ಆಗುತ್ತೆ. ದೂರದಲ್ಲಿ ನಿಂತೋರ ಕಣ್ಣು ನಮಗೆ ಕಾಣುತ್ತಾ? ಹುಬ್ಬಿನ ಕೆಳಗೆ ನೆರಳು ಕಾಣುತ್ತೆ, ಅಷ್ಟೇ. ನೀರು ನೀರಾಗಿರೋ ಕಂದು ಬಣ್ಣ ಒಂದು ಹನಿ ಬಿಡಿ, ಅದೇ ಹೋಗಿ ಕಣ್ಣಿನ ಗುಳಿಲಿ ಕೂತ್ಕೊಳ್ಳುತ್ತೆ. ಆಮೇಲೆ ಕಿಟಕಿ ಹತ್ರ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿ.”

ಭಾವ ಭೂತಗನ್ನಡಿಯಿಂದ ತಲೆ ಎತ್ತಲೂ ಇಲ್ಲ. “ಕಣ್ಣಿಲ್ದೆ ಇದ್ರೆ ಅದು ಹೆಣ ಕಣೇ, ಹೆಣ! ಮೂವತ್ತು ವರ್ಷ ಮುಖ ಬರೆದಿರೋ ಕೈ ಇದು. ಮೊಟ್ಟೆ ಬಂದು ಕೋಳಿಗೆ ಬುದ್ಧಿ ಹೇಳ್ತಂತೆ. ಹೋಗು, ಕಾಫಿ ತಗೊಂಬಾ.”

ಹೇಳಬೇಕಾದ್ದು ಹೇಳಿಯಾಗಿತ್ತು. ಹಾಳಾಗಿ ಹೋಗು ಎಂದು ಮನಸ್ಸಿನಲ್ಲೇ ಹರಸಿ ಕಡ್ಡಿಯಮ್ಮ ಕಾಫಿ ತಂದಳು. ಒಳಗೊಳಗೆ ಅವಳಿಗೆ ಖುಷಿಯೂ ಆಗಿತ್ತು ಎಂದು ಹೇಳಿಬಿಡುವುದೇ ಸರಿ. ಜಂಬದ ಕೋಳಿ ತಾನಾಗಿಯೇ ಬಾಣಲೆಗೆ ಹಾರುತ್ತಿದ್ದರೆ ಯಾರು ತಾನೇ ಬೇಜಾರು ಪಡುತ್ತಾರೆ?

ಆದರೆ ಅವಳು ಭಾವನ ಮೂರ್ಖತನವನ್ನು ಅಳೆದಿದ್ದಳೇ ಹೊರತು ಸಂಘದವರದ್ದನ್ನು ಅಳೆದಿರಲಿಲ್ಲ.

ತೀರ್ಪಿನ ದಿನ ಮೂರು ಜನ ಮುದುಕರು ಮೇಜಿನ ಸುತ್ತ ಕುರ್ಚಿ ಹಾಕಿಕೊಂಡು ಕೂತರು. ನಡುವೆ ಅಧ್ಯಕ್ಷರು, ನಿವೃತ್ತ ಇಂಜಿನ್ ಚಾಲಕರು. ಕಡ್ಡಿಯಮ್ಮ ತನ್ನ ಗೊಂಬೆಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತಂದಿದ್ದಳು. ಭಾವ ಕಪ್ಪು ಮಖಮಲ್ ಬಟ್ಟೆ ಹಾಸಿ, ಅದರ ಮೇಲೆ ತನ್ನವನ್ನು ಸಾಲಾಗಿ ನಿಲ್ಲಿಸಿ, ಅಧ್ಯಕ್ಷರ ಕೈಗೆ ಭೂತಗನ್ನಡಿ ಕೊಟ್ಟ. ಅವಳದೇ ಭೂತಗನ್ನಡಿ.

“ಅಬ್ಬಬ್ಬಾ!” ಎಂದರು ಅಧ್ಯಕ್ಷರು. “ಕಣ್ಣುಗುಡ್ಡೆ ನೋಡ್ರೀ! ಅದರೊಳಗೆ ಹೊಳಪು ಬೇರೆ!”

ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಮೊದಲ ಹತ್ತು ಗೊಂಬೆ ನೋಡುವಷ್ಟರಲ್ಲಿ ಮೂವರ ಬಾಯಿಯೂ ತೆರೆದುಕೊಂಡಿತ್ತು. ಉಳಿದವನ್ನು ಯಾರೂ ನೆಟ್ಟಗೆ ನೋಡಲಿಲ್ಲ. ಆಮೇಲೆ ಅದೇ ಭೂತಗನ್ನಡಿಯನ್ನು ಬಿಸ್ಕತ್ತಿನ ಡಬ್ಬಿಯ ಮೇಲೆ ಹಿಡಿದರು.

“ಕಡ್ಡಿಯಮ್ಮ, ಬೇಜಾರು ಮಾಡ್ಕೋಬೇಡಿ,” ಎಂದರು ಅಧ್ಯಕ್ಷರು. “ನಿಮ್ಮದರಲ್ಲಿ ಮುಖವೇ ಇಲ್ವಲ್ಲಮ್ಮ.”

“ಸಾರ್, ಎದ್ದು ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿ. ಜನ ನೋಡೋದು ಗಾಜಿನ ಆಚೆಯಿಂದ. ಯಾರೂ ಭೂತಗನ್ನಡಿ ಹಿಡ್ಕೊಂಡು ಬರಲ್ಲ.”

“ಮಂಡಿ ನೋವಮ್ಮ,” ಎಂದರು ಪಕ್ಕದಲ್ಲಿ ಕೂತಿದ್ದ ಕಾರ್ಯದರ್ಶಿಗಳು. “ಕೂತಿದ್ದು ಕೂತಾಯ್ತು, ಏಳಕ್ಕಾಗಲ್ಲ.”

ಒಬ್ಬರ ಮಂಡಿ ನೋವಿಗೆ ಇನ್ನೊಬ್ಬರ ಬದುಕು ಹೋಗುವುದು ಹೀಗೆ. ಏಳಲಾರದವರು ನೋಡಿದ್ದೇ ನೋಟ, ಕೂತಲ್ಲಿಂದ ಕಂಡದ್ದೇ ಕಲೆ. ಕೆಲಸ ಭಾವನದಾಯಿತು. ಅವನು ಮಹಡಿ ಕೋಣೆಯ ಬೀಗದ ಕೈಯನ್ನು ತಂದು ಅಡಿಗೆಮನೆಯ ಮೊಳೆಗೆ ನೇತುಹಾಕಿದ. “ಅದನ್ನ ಸ್ಟುಡಿಯೋ ಮಾಡ್ಕೋತೀನಿ,” ಎಂದ. “ಮನೇಲಿ ನೆಮ್ಮದಿಯಾಗಿ ಕೆಲಸ ಮಾಡಕ್ಕಾಗಲ್ಲ, ಪಾತ್ರೆ ಸದ್ದು.”

ಎಂಟು ದಿನ ಕಡ್ಡಿಯಮ್ಮ ಒಲೆಯ ಮುಂದೆ ನಿಂತಾಗಲೆಲ್ಲ ಆ ಬೀಗದ ಕೈ ಅವಳ ಹಣೆಯ ಎತ್ತರಕ್ಕೆ ತೂಗುತ್ತಿತ್ತು. ಅವಳಿಗೆ ಊಟ ಸೇರಲಿಲ್ಲ. ಯಾರೂ ಕೇಳಲೂ ಇಲ್ಲ.

ಉದ್ಘಾಟನೆಯ ದಿನ ಗೋದಾಮು ತುಂಬಿತ್ತು. ಗಾಜಿನ ಆಚೆ ಊರು, ಗುಡ್ಡ, ಸೇತುವೆ, ಸಂತೆ ಬೀದಿ. ಅಲ್ಲೆಲ್ಲ ಕಡ್ಡಿಯಮ್ಮ ವರ್ಷಗಟ್ಟಲೆ ಮಾಡಿದ ಹಳೇ ಮಂದಿ ತಮ್ಮ ಪಾಡಿಗೆ ತಾವು ಚೀಲ ಹೊತ್ತು, ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ನಟ್ಟನಡುವೆ ಸ್ಟೇಷನ್ನು. ಪ್ಲಾಟ್‌ಫಾರಂ ಮೇಲೆ ಭಾವನ ಗೊಂಬೆಗಳು. ಭಾವ ಹೊಸ ಕೋಟಿನಲ್ಲಿ ಪಕ್ಕಕ್ಕೆ ನಿಂತಿದ್ದ. ಕಡ್ಡಿಯಮ್ಮ ಕಂಬದ ಹಿಂದೆ ನಿಂತಿದ್ದಳು. ಮಾದರಿ ರೈಲು ಸೀಟಿ ಊದುತ್ತಾ ಬಂದು ನಿಂತಿತು.

“ಅಮ್ಮಾ,” ಎಂದಳು ಮುಂದಿನ ಸಾಲಿನ ಒಬ್ಬ ಪುಟ್ಟ ಹುಡುಗಿ, ಎಲ್ಲರಿಗೂ ಕೇಳುವ ಹಾಗೆ. “ಅವರೆಲ್ಲಾ ಯಾಕೆ ಹೆದ್ರಿಕೊಂಡಿದಾರೆ?”

ಹೌದಲ್ಲ! ಪ್ಲಾಟ್‌ಫಾರಂ ತುಂಬ ಜನ ಬಿಟ್ಟ ಕಣ್ಣು ಬಿಟ್ಟುಕೊಂಡು, ದೆವ್ವ ಕಂಡವರ ಹಾಗೆ ರೈಲನ್ನೇ ನೋಡುತ್ತಿದ್ದಾರೆ. ಪೇಪರ್ ಓದುತ್ತಿದ್ದವನಿಗೂ ಗಾಬರಿ. ಸೂಟ್‌ಕೇಸು ಹಿಡಿದ ಹೆಂಗಸಿಗೂ ಗಾಬರಿ. ಇನ್ನೊಬ್ಬಳ ತೊಡೆಯ ಮೇಲಿನ ಕೂಸಂತೂ ಪ್ರಳಯವನ್ನೇ ಕಂಡಿತ್ತು.

“ಟಿಕೆಟ್ ಇಲ್ಲದೋರಿರಬೇಕು,” ಎಂದರು ಯಾರೋ. “ಚೆಕಿಂಗ್ ಬಂದಿದೆ!”

ಗೋದಾಮಿಗೆ ಗೋದಾಮೇ ನಕ್ಕಿತು. ಒಬ್ಬ ಕಣ್ಣು ಅರಳಿಸಿ ಗೊಂಬೆಯ ಹಾಗೆ ನಿಂತು ತೋರಿಸಿದ, ಇನ್ನೊಬ್ಬ ಅದರ ಫೋಟೋ ತೆಗೆದ. ಅಧ್ಯಕ್ಷರ ಕಿವಿ ಕೆಂಪಾಯಿತು. ಭಾವ “ಲೈಟು ಸರಿಯಿಲ್ಲ, ಲೈಟು ಮೇಲಿಂದ ಬಿಟ್ಟಿದಾರೆ” ಎನ್ನುತ್ತಾ ಓಡಾಡಿದ. ಕುಣಿಯಲಾರದವಳಿಗೆ ನೆಲ ಡೊಂಕು. ಕಂಬದ ಹಿಂದೆ ಕಡ್ಡಿಯಮ್ಮ ಬಾಯಿಗೆ ಕರವಸ್ತ್ರ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮರುದಿನ ಬೆಳಿಗ್ಗೆ ಏಳಕ್ಕೆ ಅಧ್ಯಕ್ಷರು ಮನೆ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಭಾವ ಎದ್ದು ಬಂದ. ಅವರು ಅವನನ್ನು ದಾಟಿ ಅಡಿಗೆಮನೆಯ ಕಡೆ ನೋಡಿದರು.

“ಕಡ್ಡಿಯಮ್ಮ, ಹತ್ತು ಗಂಟೆಗೆ ಬಾಗಿಲು ತೆಗೀಬೇಕು. ಅಷ್ಟರೊಳಗೆ ಏನಾದ್ರೂ ಮಾಡಕ್ಕಾಗುತ್ತಾ?”

“ಆಗುತ್ತೆ. ಕೆಲಸ ನಂದು ಅಂತ ಬರೆದುಕೊಡಿ.”

“ಮೊದಲು ಅದನ್ನ ಸರಿ ಮಾಡಮ್ಮ, ಆಮೇಲೆ ಕೂತು ಮಾತಾಡೋಣ.”

“ನೀವು ಕೂತ್ರೆ ಏಳಲ್ಲ ಸಾರ್. ನಿಂತಿರುವಾಗಲೇ ಬರೆದುಕೊಡಿ.”

ಅಧ್ಯಕ್ಷರು ನಿಂತೇ ಬರೆದುಕೊಟ್ಟರು. ಅಕ್ಕ ಬಾಯಿ ತೆರೆದಳು, ತಂಗಿಯ ಮುಖ ನೋಡಿ ಮುಚ್ಚಿಕೊಂಡಳು. ಕಡ್ಡಿಯಮ್ಮ ಒಲೆಯ ಮೇಲಿನ ಮೊಳೆಯಿಂದ ಬೀಗದ ಕೈ ತೆಗೆದುಕೊಂಡಳು. ಹಜಾರದಲ್ಲಿದ್ದ ತನ್ನ ಕುಂಚ, ತನ್ನ ಭೂತಗನ್ನಡಿಯನ್ನೂ ತೆಗೆದುಕೊಂಡು ಹೊರಟಳು.

ಗೋದಾಮಿನಲ್ಲಿ ಗಾಜಿನ ಬಾಗಿಲು ಸರಿಸಿ ಒಳಗೆ ಬಗ್ಗಿದಳು. ಒಂದೊಂದು ಕಣ್ಣಿನ ಮೇಲೆ ಚರ್ಮದ ಬಣ್ಣದ ಒಂದು ಚುಕ್ಕೆ, ಅದು ಒಣಗಿದ ಮೇಲೆ ಕಂದು ನೀರಿನ ಒಂದು ಹನಿ. ಗಾಬರಿಯವರೆಲ್ಲ ಒಬ್ಬೊಬ್ಬರಾಗಿ ಸಮಾಧಾನಗೊಂಡು ಪ್ರಯಾಣಿಕರಾದರು. ಹಿಂದೆಯೇ ಭಾವ ಬಂದಿದ್ದ. ಯಾರೂ ಕರೆದಿರಲಿಲ್ಲ. ಕೈ ಕಟ್ಟಿಕೊಂಡು, ತಾನೇ ಹೇಳಿ ಮಾಡಿಸುತ್ತಿದ್ದೇನೆ ಎಂಬ ಠೀವಿಯಲ್ಲಿ ನಿಂತಿದ್ದ.

ಇಪ್ಪತ್ತಮೂರು ಮುಗಿದವು. ಇಪ್ಪತ್ತನಾಲ್ಕನೆಯದು ಪ್ಲಾಟ್‌ಫಾರಮ್ಮಿನ ತುದಿಯ ಬೆಂಚಿನ ಮೇಲಿತ್ತು. ಒಬ್ಬ ಹೆಂಗಸು, ತೆಳ್ಳಗೆ, ನೀಲಿ ಏಪ್ರನ್, ಅದರ ಜೇಬಿನ ಮೇಲೆ ಬೇರೆ ಬಣ್ಣದ ತೇಪೆ. ಅಂಥದೇ ತೇಪೆಯ ಏಪ್ರನ್ ಈಗ ಕಡ್ಡಿಯಮ್ಮನ ಮೈಮೇಲಿತ್ತು. ಆ ಗೊಂಬೆಗೆ ಮಾತ್ರ ಕಣ್ಣು ಇರಲಿಲ್ಲ. ಹುಬ್ಬಿನ ಕೆಳಗೆ ಬರೀ ನೆರಳು.

ಅಂತೂ ಒಂದರಲ್ಲಾದರೂ ತನ್ನ ಮಾತು ಕೇಳಿದ್ದಾನಲ್ಲ ಎಂದು ಅವಳ ಮನಸ್ಸು ಒಂದು ಕ್ಷಣ ಕರಗಿತು.

“ಇದಕ್ಕೆ ಯಾಕೆ ಭಾವ ಕಣ್ಣು ಬರೀಲಿಲ್ಲ?”

“ಅದಾ? ಅದು ನೀನು,” ಎಂದ ಭಾವ, ಉಪಕಾರ ಮಾಡಿದವನ ಧ್ವನಿಯಲ್ಲಿ. “ಇರ್ಲಿ ಅಂತ ನಿನ್ನನ್ನೂ ಸೇರಿಸ್ದೆ. ಕಣ್ಣು ಬರೆಯೋಣ ಅಂತ ಕೂತ್ರೆ, ನಿನ್ನ ಕಣ್ಣು ದೊಡ್ಡದೋ ಚಿಕ್ಕದೋ, ಏನೂ ಜ್ಞಾಪಕಕ್ಕೇ ಬರ್ಲಿಲ್ಲ ನೋಡು. ಹಂಗೇ ಬಿಟ್ಟೆ.”

ಹದಿನಾರು ವರ್ಷ. ದಿನಾ ಒಂಬತ್ತು ಗಂಟೆಗೆ, ಎದುರಿಗೆ ನಿಂತು, ಕೈಗೆ ಲೋಟ. ಮೂವತ್ತು ವರ್ಷ ಮುಖ ಬರೆದವನು ಆ ಒಂದು ಮುಖವನ್ನು ಒಂದು ದಿನವೂ ನೋಡಿರಲಿಲ್ಲ. ಕಡ್ಡಿಯಮ್ಮನಿಗೆ ಎದೆಯಲ್ಲಿ ನಿಜವಾಗಿಯೂ ನೋವಾಯಿತು. ಅಳು ಬಂತು. ಅವನೆದುರು ಅಳುವುದಕ್ಕಿಂತ ಸಾಯುವುದು ಮೇಲು ಎಂದು ಅದನ್ನು ನುಂಗಿದಳು.

ಆಮೇಲೆ ಅಭ್ಯಾಸಬಲದಿಂದ ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದಳು. ಬೆಂಚಿನ ಮೇಲೆ ಒಬ್ಬಳು ದಣಿದ ಹೆಂಗಸು ರೈಲಿಗಾಗಿ ಕಾದು ಕೂತಿದ್ದಳು. ಥೇಟು ಜೀವಂತ.

“ಭಾವ,” ಎಂದಳು. “ನಿಮ್ಮ ಇಪ್ಪತ್ನಾಲ್ಕರಲ್ಲಿ ಸರಿಯಾಗಿ ಬಂದಿರೋದು ಇದೊಂದೇ.”

“ನೋಡಿದ್ಯಾ!” ಭಾವನ ಮುಖ ಅರಳಿತು. “ಕೈ ಅಂದ್ರೆ ಕೈ! ಸರಿ ನಡಿ, ಒಂಬತ್ತಾಗ್ತಾ ಬಂತು, ಕಾಫಿ ಹೊತ್ತು.”

ಕಡ್ಡಿಯಮ್ಮ ಚಾಕುವಿನ ತುದಿಯಿಂದ ಆ ಹೆಂಗಸನ್ನು ಬೆಂಚಿನಿಂದ ಮೆಲ್ಲಗೆ ಬಿಡಿಸಿ, ರೈಲಿನ ಬೋಗಿಯೊಳಗೆ ಕಿಟಕಿ ಪಕ್ಕದ ಸೀಟಿಗೆ ಒಂದು ಹನಿ ಅಂಟು ಹಾಕಿ ಕೂರಿಸಿದಳು. ಗಾಜಿನ ಬಾಗಿಲು ಮುಚ್ಚಿದಳು. ಕುಂಚ ತೊಳೆದಳು. ಭಾವ ಬಾಗಿಲ ಹತ್ತಿರ ಹೋಗಿ ತಿರುಗಿ ನೋಡುವಷ್ಟರಲ್ಲಿ ಅವಳು ಮಹಡಿ ಮೆಟ್ಟಿಲು ಹತ್ತಿಯಾಗಿತ್ತು.

“ಏಯ್, ಕಾಫಿ?” ಎಂದು ಅವನು ಕೆಳಗಿನಿಂದ ಕೂಗಿದ.

ಮೇಲೆ ಹಿತ್ತಾಳೆಯ ಚಿಲಕ ಒಳಗಿನಿಂದ ಬಿದ್ದ ಸದ್ದು ಅವನಿಗೆ ಚೆನ್ನಾಗಿಯೇ ಕೇಳಿಸಿತು.