ಉಡಚಪ್ಪನ ಕಣ್ಣಿನ ಕರಿಚೂರು

ನನ್ನ ಸ್ಪೀಕರು ಶಿರಹಟ್ಟಿಯಲ್ಲಿ ಕೆಮ್ಮಿದರೆ ಮುಂಡರಗಿಯಲ್ಲಿ ಮಲಗಿದ ಎಮ್ಮೆಗಳು ಎದ್ದು ನಿಲ್ಲುತ್ತಿದ್ದವು. ಇದರಲ್ಲಿ ಅರ್ಧವಾದರೂ ಖರೆ. ಅದರ ಹೊಟ್ಟೆಯೊಳಗಿದ್ದ ಅಯಸ್ಕಾಂತ ಕೋಬಾಲ್ಟು, ನಿಕ್ಕಲ್ಲು ಬೆರೆಸಿ ಎರಕ ಹೊಯ್ದದ್ದು. ಅಂಥದ್ದು ವಿಲಾಯತಿಯ ರಾಣಿಯ ಹತ್ತಿರವೂ ಇಲ್ಲವೆಂದು ನಾನೇ ಊರೂರು ಸಾರಿದ್ದೆ. ಬಾವಿಗೆ ಬಿದ್ದ ತಾಮ್ರದ ಕೊಡ ಎಳೆದಿದೆ, ಸೊರಟೂರಿನ ಗೌಡತಿಯ ಬಂಗಾರದ ಮೂಗುತಿಯನ್ನು ಹದಿನಾರು ಮಾರು ದೂರದಿಂದ ಕಿತ್ತಿದೆ, ಮನುಷ್ಯನ ಮೈಯಲ್ಲಿ ಏನು ಹೊಕ್ಕರೂ ಹೊರಗೆ ತರುತ್ತದೆ ಎಂದೆಲ್ಲ ಹೇಳುತ್ತಿದ್ದೆ. ಅಯಸ್ಕಾಂತ ತಾಮ್ರ, ಬಂಗಾರಗಳನ್ನು ಎಳೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಕೇಳುವವರಿಗೆ ಗೊತ್ತಿರಲಿಲ್ಲ. ಅವರನ್ನು ಯಾಕೆ ನಿರಾಶೆ ಮಾಡಲಿ?

ಐವತ್ತಾರನೆಯ ಇಸವಿ, ನವೆಂಬರ್ ಒಂದು. ನಾವು ಮುಂಬಯಿ ರಾಜ್ಯ ಬಿಟ್ಟು ಕನ್ನಡದವರೆಲ್ಲ ಒಂದಾಗುವ ದಿನ. ಶಿರಹಟ್ಟಿಯ ಮೈದಾನದಲ್ಲಿ ಎರಡು ಲಕ್ಷ ಜನ ಕೂತಿದ್ದರು. ಎರಡು ಸಾವಿರ ಎಂದವರಿಗೆ ಎಣಿಸಲು ಬರುತ್ತಿರಲಿಲ್ಲ. ಸಭೆಗೆ ನನ್ನ ಸ್ಪೀಕರು ಕಟ್ಟಿಯಾಗಿತ್ತು, ಹುಬ್ಬಳ್ಳಿಯ ಅತಿಥಿಗಳ ಭಾಷಣಕ್ಕೆ ಇನ್ನರ್ಧ ತಾಸಿತ್ತು. ಅಷ್ಟರಲ್ಲಿ ಸಾವಂತ್ರೆವ್ವ ಗಂಡನ ರಟ್ಟೆ ಹಿಡಿದು ಜನರನ್ನು ಸೀಳಿಕೊಂಡು ಬಂದಳು. ಗಂಡ ಉಡಚಪ್ಪ ಬೀಸುಕಲ್ಲು ಕಟಿಯುವವನು. ಮನೆಮನೆಗೆ ಹೋಗಿ, ಸವೆದ ಕಲ್ಲಿಗೆ ಕಬ್ಬಿಣದ ಚಾಣದಿಂದ ಗುಳಿ ಹೊಡೆದು ಹರಿತ ಮಾಡಿ ಕೊಡುತ್ತಿದ್ದ. ಅವನ ಎಡಗಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಸಕ್ರಣ್ಣಾ, ನಿನ್ನ ಸೂಜಿಗಲ್ಲ ತಗೀ. ಇವರ ಕಣ್ಣಾಗ ಚೂರ ಹೊಕ್ಕೈತಿ. ದೊಡ್ಡ ದವಾಖಾನಿಗೆ ಹೋಗಾಕ ಗದಗಿನ ಬಸ್ ನಿಂತಿತ್ತು, ಹತ್ತಲಿಲ್ಲ. ಏನ್ ಹೊಕ್ಕರೂ ತಗಿತೈತಿ ಅಂತ ನೀನ ಹೇಳಿದ್ದೆಲ್ಲಾ?"

ಸರ್ಕಾರಿ ದವಾಖಾನೆಯ ಡಾಕ್ಟರು ಪುಣ್ಯಕ್ಕೆ ವೇದಿಕೆಯ ಮೇಲೆಯೇ ಇದ್ದರು. ಇಳಿದು ಬಂದು, ಕಿಸೆಯ ಭೂತಗನ್ನಡಿ ಹಿಡಿದು ನೋಡಿದರು.

"ಕರಿಗುಡ್ಡಿ ಒಳಗ ಇಳದೈತಿ. ಸೂಜಿ ಹಾಕಿದ್ರ ಮತ್ತ ಒಳಗ ಹೋಗ್ತೈತಿ. ಕಣ್ಣಿನ ದೊಡ್ಡ ಅಯಸ್ಕಾಂತ ಇರೂದು ಮೀರಜದಾಗ. ಮುಟ್ಟಾಕ ಎರಡ ದಿನ ಬೇಕು. ಅಷ್ಟರಾಗ ಕೀವು ತುಂಬಿದ್ರ ಕಣ್ಣ ಹೋತು." ಅವರು ನನ್ನ ಸ್ಪೀಕರಿನ ಕಡೆ ನೋಡಿದರು. "ಕಬ್ಬಿಣ ಇದ್ರ ಇದರಿಂದನ ಒಂದ್ ಕೈ ನೋಡಬಹುದು."

"ಕಬ್ಬಿಣ ಅಲ್ರೀ ಸಾಹೇಬ್ರ," ಎಂದ ಉಡಚಪ್ಪ, ಸೊಂಟದ ಚಾಣ ತೆಗೆದು ತಡವುತ್ತ. "ಇದರ ಮೂತಿ ಮುಕ್ಕಾಗಿಲ್ಲ. ಸಿಡದದ್ದು ಕಲ್ಲಿನ ಚೂರ."

ಎಲ್ಲರೂ ನನ್ನ ಮುಖ ನೋಡಿದರು. ಹುಟ್ಟಿದಾಗಿನಿಂದ ನಾನು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿರಲಿಲ್ಲ.

"ಅಯಸ್ಕಾಂತ ಕಲ್ಲ ಎಳಿಯಂಗಿಲ್ಲ, ತಂಗೀ."

"ಮೂಗುತಿ ಎಳದಿತ್ತಲ್ಲ?"

"ಎಳದಿಲ್ಲ."

"ಕೊಡಾ?"

"ಅದೂ ಇಲ್ಲ."

ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಬಸ್ ಹೋತಲ್ಲೋ ಅಣ್ಣಾ," ಎಂದಳಷ್ಟೆ.

"ತಡೀರಿ," ಎಂದರು ಡಾಕ್ಟರು. "ಯಾವ ಕಲ್ಲದು?"

"ಕಪ್ಪತಗುಡ್ಡದ್ದರೀ. ಭಾಳ ತೂಕ. ಒಳಗ ಕರೇ ಹರಳ ಅದಾವ."

"ಹಂಗಿದ್ರ ಆ ಹರಳಿನಾಗ ಕಬ್ಬಿಣ ಇದ್ದೀತು. ಸಕ್ರಪ್ಪಾ, ಬಿಚ್ಚು."

ಬಿಚ್ಚು ಎನ್ನುವುದು ಸುಲಭ. ಆ ಅಯಸ್ಕಾಂತವನ್ನು ಅದರ ಕಬ್ಬಿಣದ ಬಟ್ಟಲಿನಿಂದ ಒಮ್ಮೆ ಹೊರಗೆಳೆದರೆ ಸೆಳೆತ ಅರ್ಧಕ್ಕೆ ಇಳಿಯುತ್ತದೆ; ತಿರುಗಿ ಕೂಡಿಸಿದರೂ ಕಾರಖಾನೆಗೆ ಹೋಗದೆ ಮರಳಿ ಬರುವುದಿಲ್ಲ. ನಾನು ಸ್ಕ್ರೂ ತಿರುವತೊಡಗಿದಾಗ ಸಭೆಯ ಕಾರ್ಯದರ್ಶಿ ಲಕ್ಕಪ್ಪ ವೇದಿಕೆಯಿಂದಲೇ ಚೀರಿದ:

"ಲೇ ಸಕ್ರ್ಯಾ, ಏನ್ ಮಾಡಾಕತ್ತೀಲೇ? ಅತಿಥಿಗಳು ಬರೂ ಹೊತ್ತಾತು!"

"ಬರ್ಲಿ. ಅವರಿಗೆ ಎರಡೂ ಕಣ್ಣ ಅದಾವ," ಎಂದೆ.

ಉಡಚಪ್ಪನ ರುಮಾಲಿನ ಮಡಿಕೆಯಲ್ಲಿ ಕಲ್ಲಿನ ಪುಡಿ ಕೂತಿತ್ತು. ಕಾಗದದ ಮೇಲೆ ಕೊಡವಿ, ಕೆಳಗಿನಿಂದ ಅಯಸ್ಕಾಂತ ಆಡಿಸಿದೆ. ಕರಿ ಕಣಗಳು ಮುಳ್ಳುಹಂದಿಯ ಮೈಯಂತೆ ನೆಟ್ಟಗೆ ಎದ್ದು ನಿಂತವು. ಬೂದುಬಣ್ಣದವು ಸತ್ತಂತೆ ಬಿದ್ದಿದ್ದವು. ಹೆಚ್ಚು ಕಡಿಮೆ ಅರ್ಧ ಅವು, ಅರ್ಧ ಇವು.

"ಕಣ್ಣಾಗಿರೂದು ಯಾವದ್ರೀ?" ಸಾವಂತ್ರೆವ್ವ ಕೇಳಿದಳು.

"ಕರೇದ ಕಾಣತೈತಿ. ಆದ್ರ ಕರಿಗುಡ್ಡಿ ಒಳಗ ಎಲ್ಲಾ ಕರೇದ ಕಾಣತೈತವ್ವಾ," ಎಂದರು ಡಾಕ್ಟರು.

ದವಾಖಾನೆ ಮೈದಾನದ ಪಕ್ಕದಲ್ಲೇ ಇತ್ತು. ಡಾಕ್ಟರು ಕಣ್ಣಿಗೆ ಮರಗಟ್ಟಿಸುವ ಔಷಧ ಹಾಕಿದರು. ಸಣ್ಣ ಮೊಳೆಯೊಂದನ್ನು ಕುದಿಸಿ ಅಯಸ್ಕಾಂತದ ಮುಖಕ್ಕೆ ಅಂಟಿಸಿದರು. ಸೆಳೆತವೆಲ್ಲ ಅದರ ತುದಿಗೆ ಕೂಡಲಿ ಎಂದು. ಸಾವಂತ್ರೆವ್ವ ಗಂಡನ ತಲೆ ಹಿಡಿದಳು. ಅಯಸ್ಕಾಂತ ಹಿಡಿದವನು ನಾನು, ನನ್ನ ಮಣಿಕಟ್ಟು ಹಿಡಿದವರು ಡಾಕ್ಟರು. ಮೊಳೆಯ ತುದಿಯನ್ನು ಎಡಗಣ್ಣಿನ ಹತ್ತಿರ ತಂದೆವು.

ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಉಡಚಪ್ಪ "ಯವ್ವಾ!" ಎಂದ. ಅಷ್ಟೇ.

"ಬೂದಿಬಣ್ಣದ್ದ ಇದ್ದೀತು," ಎಂದೆ ನಾನು.

"ಬಾಯಿ ಮುಚ್ಚು. ಹೊಕ್ಕ ದಾರಿ ವಾರಿ ಐತಿ, ನಾವು ನೆಟ್ಟಗ ಎಳಿಯಾಕತ್ತೀವಿ," ಎಂದು ಡಾಕ್ಟರು ನನ್ನ ಕೈಯನ್ನು ಮೂಗಿನ ಕಡೆಯಿಂದ ಓರೆಯಾಗಿ ತಂದರು. ಟಿಕ್ ಎಂದಿತು. ಮೊಳೆಯ ತುದಿಯಲ್ಲಿ ಒಂದು ಕರಿಚೂರು. ನನ್ನ ಲೆಕ್ಕದಲ್ಲಿ ಅದು ಜೋಳದ ಕಾಳಿನಷ್ಟಿತ್ತು. ಡಾಕ್ಟರು ಎಳ್ಳಿನ ಕಾಲುಪಾಲು ಎಂದರು.

"ಚೂರ ಬಂತು. ದೃಷ್ಟಿ ಉಳದೈತೋ ಇಲ್ಲೋ ನಾಕ ದಿನ ಬಿಟ್ಟ ಹೇಳತೀನಿ," ಎಂದು ಪಟ್ಟಿ ಕಟ್ಟಿದರು.

ಅಂದು ಅತಿಥಿಗಳ ಭಾಷಣ ತಿರುಗಿ ಕೂಡಿಸಿದ ನನ್ನ ಸ್ಪೀಕರಿನಲ್ಲಿ ಸೊಳ್ಳೆಯಂತೆ ಗುಂಯ್‌ಗುಟ್ಟಿತು. ಮೂರನೆಯ ಸಾಲು ದಾಟಲಿಲ್ಲ. ಜನ ನನ್ನನ್ನು ಏನೇನೋ ಅಂದರು. ನಾಲ್ಕು ದಿನ ನಾನು ದವಾಖಾನೆಯ ಮೆಟ್ಟಿಲು ಬಿಟ್ಟು ಏಳಲಿಲ್ಲ, ಒಂದು ಸುಳ್ಳನ್ನೂ ಹೇಳಲಿಲ್ಲ. ಸಾವಂತ್ರೆವ್ವ ಬುತ್ತಿ ತರುತ್ತಿದ್ದಳು. ನನಗೂ ಒಂದು ರೊಟ್ಟಿ ಇಡುತ್ತಿದ್ದಳು, ಆದರೆ ಮಾತಾಡಿಸುತ್ತಿರಲಿಲ್ಲ.

ಐದನೆಯ ದಿನ ಪಟ್ಟಿ ಬಿಚ್ಚಿದರು. ಡಾಕ್ಟರು ಅವನ ಬಲಗಣ್ಣು ಮುಚ್ಚಿ, ನನಗೆ ಬೆರಳು ತೋರಿಸಲು ಹೇಳಿದರು. ತೋರಿಸಿದೆ. ಉಡಚಪ್ಪ ಕಣ್ಣು ಪಿಳಿಪಿಳಿ ಮಾಡಿದ. ಸಾವಂತ್ರೆವ್ವ ಗೋಡೆಗೆ ಆತುಕೊಂಡಳು.

"ಮೂರ," ಎಂದ ಕೊನೆಗೆ. "ಉಗುರಾಗ ಮಸಿ ಕುಂತೈತಿ, ತೊಳಕೊಳ್ಳೋ ಮಾರಾಯಾ."