ಕುಸುಬಿ ಎಣ್ಣೆ ಕುಡಿದ ಬೋಲ್ಟುಗಳು

ಮೋಟಾರು ಹತ್ತಿದರೆ ತಲೆ ತಿರುಗುತ್ತದೆ, ಹೊಟ್ಟೆ ತೊಳಸುತ್ತದೆ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಕೆಲವರು ನಿಂಬೆಹಣ್ಣು ಮೂಸುತ್ತಾ ಕೂಡುತ್ತಾರೆ, ಕೆಲವರು ಸೆರಗಿನ ತುದಿಯಲ್ಲಿ ಹುಣಸೆಹಣ್ಣು ಕಟ್ಟಿಕೊಂಡು ಬರುತ್ತಾರೆ. ಆದರೆ ಆಳಂದದ ಭಗವಂತನ ಬಾಡಿಗೆ ಕಾರಿನಲ್ಲಿ ನಿಂಬೆಹಣ್ಣು ಹಿಡಿದವರಿಗೂ ತಲೆ ತಿರುಗುತ್ತಿತ್ತು, ಹಿಡಿಯದವರಿಗೂ ತಿರುಗುತ್ತಿತ್ತು.

ಇದು ಎಂಬತ್ತಾರನೇ ಇಸವಿಯ ಮಾತು. ಭಗವಂತ ಕೆಟ್ಟ ಡ್ರೈವರ್ ಅಲ್ಲ. ಕಾರನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳುತ್ತಿದ್ದ. ಕಣ್ಣಿಗಷ್ಟೇ ಅಲ್ಲ, ಕಾರಿಗೂ ಎಣ್ಣೆ ಬಿಡುತ್ತಿದ್ದ. ಪ್ರತಿ ಅಮಾವಾಸ್ಯೆಗೆ ಕಾರು ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೆ ಅಡುಗೆಮನೆಯ ಕುಸುಬಿ ಎಣ್ಣೆ ತಂದು ಕಣ್ಣಿಗೆ ಕಂಡ ಬೋಲ್ಟಿಗೆಲ್ಲ ಸುರಿಯುತ್ತಿದ್ದ. ತುಕ್ಕು ಹಿಡಿಯಬಾರದು ಎಂಬುದು ಅವನ ಲೆಕ್ಕ. "ನಮ್ಮಪ್ಪ ಬಂಡಿ ಕೀಲಿಗೆ ಅಮಾಸಿಗೊಮ್ಮಿ ಎಣ್ಣಿ ಹಾಕ್ತಿದ್ದ. ಇದೂ ಬಂಡೀನೇ," ಎನ್ನುತ್ತಿದ್ದ. ಹೆಂಡತಿ ರುಕ್ಮಿಣಿಬಾಯಿ ಮಾತ್ರ ಒಗ್ಗರಣೆಗೆ ಎಣ್ಣೆ ಸಾಲದೆ ಗೊಣಗುತ್ತಿದ್ದಳು.

ಇವರ ಒಬ್ಬಳೇ ಮಗಳು ಚಂದಮ್ಮನನ್ನು ಭೀಮಾ ದಂಡೆಯ ಮಣ್ಣೂರಿಗೆ ಕೊಟ್ಟಿದ್ದರು. ಆ ವರ್ಷದ ಪಂಚಮಿಗೆ ಅಪ್ಪನ ಕಾರಿನಲ್ಲಿ ತವರಿಗೆ ಬಂದವಳು ಎರಡು ದಿನ ತಲೆನೋವು, ವಾಂತಿ ಎಂದು ಮಲಗಿಬಿಟ್ಟಳು. ಆಗಷ್ಟೇ ಬಸುರಿ, ಬಯಕೆಯ ಸಂಕಟ ಇರಬೇಕು ಎಂದು ಎಲ್ಲರೂ ನಕ್ಕರು. ಪಕ್ಕದಲ್ಲಿ ಕೂತು ಬಂದಿದ್ದ ರುಕ್ಮಿಣಿಬಾಯಿಗೂ ತಲೆ ಸಿಡಿಯುತ್ತಿತ್ತು. ಅವಳೇನು ಬಸುರಿಯೇ? ದೃಷ್ಟಿ ಆಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು.

ಈಗ ಚಂದಮ್ಮನಿಗೆ ಏಳು ತಿಂಗಳು. ಶುಕ್ರವಾರ ಮಣ್ಣೂರಿನಲ್ಲಿ ಕುಬಸ, ಅಂದರೆ ಸೀಮಂತ, ಮುಗಿಸಿ, ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತರಬೇಕು. ಭಗವಂತ ಹುರುಪಿನಿಂದ ಕಾರು ಒರೆಸುತ್ತಿದ್ದಾಗ ಓಣಿಯ ಗೌಸಮೊಹಿದ್ದೀನ ಬಂದು ನಿಂತರು. ಜೇವರ್ಗಿಯಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿ, ಈಗ ಆಳಂದದ ಮಗಳ ಮನೆಯಲ್ಲಿರುವ ಹಿರಿಯರು. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತದೆ.

"ಭಗವಂತ, ನಿನ್ನ ಸೈಲೆನ್ಸರ್ ಒಡದದ ನೋಡು. ದಿನಾ ಮುಂಜಾನೆ ಆವಾಜ ಕೇಳಾಕತ್ತೇನಿ."

"ಆವಾಜ ಬಂದ್ರೇನಾತ್ರಿ ಉಸ್ತಾದ್? ಮಂದಿಗೆ ಭಗವಂತ ಬಂದ ಅಂತ ದೂರಿಂದನ ಗೊತ್ತಾಗ್ತದ."

"ಆವಾಜ ಬಿಡು. ಹೊಗಿ ಒಳಗ ಬರ್ತದ. ಹಿಂದ ಕೂತವರಿಗೆ ತಲಿ ತಿರಗೂದು ಅದಕ್ಕ."

"ಹೊಗಿ ನನಗ ಕಾಣಂಗಿಲ್ಲೇನ್ರಿ? ಬೇಕಂದ್ರ ಖಿಡಕಿ ತೆಗದ್ರಾತು."

"ಅದರಾಗಿನ ವಿಷ ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ವಾಸನಿ ಬರಂಗಿಲ್ಲ. ಖಿಡಕಿ ತೆಗದ್ರ ಒಮ್ಮೊಮ್ಮೆ ಗಾಳೀನ ಅದನ್ನ ಒಳಗ ಎಳಕೊಂಡು ಬರ್ತದ."

ಭಗವಂತ ನಕ್ಕು ತಳ್ಳಿಹಾಕಿದ. ಉಸ್ತಾದ್ ಜೇವರ್ಗಿಯ ಒಂದು ಮಳೆಗಾಲದ ಸಂಗತಿ ಹೇಳಿದರು. ಎರಚಲು ಬರುತ್ತದೆಂದು ಗ್ಯಾರೇಜಿನ ಬಾಗಿಲು ಮುಚ್ಚಿ, ಎಂಜಿನ್ ಚಾಲೂ ಇಟ್ಟು, ಅವರ ಸ್ವಂತ ತಮ್ಮ ಒಳಗೆ ಕೆಲಸ ಮಾಡುತ್ತಿದ್ದನಂತೆ. ಊಟಕ್ಕೆ ಕರೆಯಲು ಹೋದರೆ ನೆಲದ ಮೇಲೆ ಬಿದ್ದಿದ್ದ.

"ಹೊರಗ ಎಳದು ಹಾಕಿದೆ. ಅಲ್ಲಾನ ಮೆಹರ್ಬಾನಿ, ಉಳಕೊಂಡ. ಅವನಿಗೂ ಮೊದಲ ತಲಿ ನೋವೇ ಬಂದಿತ್ತು. ಚಾ ಕುಡದ್ರ ಹೋಗ್ತದ ಅಂದಿದ್ದೆ ನಾನು."

ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ ರುಕ್ಮಿಣಿಬಾಯಿಯ ಕೈಯಿಂದ ಮೊರ ಜಾರಿತು. ಪಂಚಮಿಯ ಆ ಎರಡು ದಿನ ಅವಳ ಕಣ್ಣಮುಂದೆ ಬಂದವು.

"ಹೊಟ್ಯಾಗಿನ ಕೂಸಿಗೂ ಹತ್ತತದೇನ್ರಿ ಉಸ್ತಾದ್?"

"ತಾಯಿ ಉಸುರೇ ಕೂಸಿನ ಉಸುರಲ್ಲೇನವ್ವ?"

ಅಷ್ಟೇ ಸಾಕಾಯಿತು. "ಆ ಸೈಲೆನ್ಸರ್ ಪೈಪು ಬದಲಿ ಆಗೋತನಕ ನನ್ನ ಮಗಳು ಈ ಮೋಟಾರ ಹತ್ತಂಗಿಲ್ಲ," ಎಂದಳು ರುಕ್ಮಿಣಿಬಾಯಿ. "ಎರಡ ಬಸ್ಸು ಬದಲಿ ಮಾಡಿ ಕರಕೊಂಡು ಬರ್ತೇನಿ. ನೀವು ನಿಮ್ಮ ಮೋಟಾರ ಪೂಜಿ ಮಾಡಕೋತ ಕೂಡ್ರಿ."

ಊರಿನ ಬಸುರಿಯರನ್ನೆಲ್ಲ ತವರಿಗೆ ಮುಟ್ಟಿಸಿದ ಭಗವಂತನ ಮಗಳು ತುಂಬು ಹೊಟ್ಟೆಯಲ್ಲಿ ಬಸ್ಸಿನ ಗದ್ದಲದಲ್ಲಿ ಬರುವುದೇ? ಅವನು ರಾತ್ರಿಯೇ ದುಡ್ಡು ಎಣಿಸಿಟ್ಟ. ಮರುದಿನವೇ ಸೊಲ್ಲಾಪುರಕ್ಕೆ ಹೋಗಿ ಹೊಸ ಪೈಪು, ಸೈಲೆನ್ಸರ್ ತಂದ. ಕಂಪನಿಯ ಮಾಲಲ್ಲ, ಅಲ್ಲಿಯ ಕಾರ್ಖಾನೆಯಲ್ಲಿ ಅದೇ ಅಳತೆಗೆ ಮಾಡಿದ್ದು. ಗಟ್ಟಿಯಾಗಿಯೇ ಇತ್ತು.

ಆದರೆ ಹೊಸದನ್ನು ಹಾಕಬೇಕಾದರೆ ಹಳೆಯದು ಬಿಟ್ಟುಕೊಡಬೇಕಲ್ಲ! ಪೈಪು ಎಂಜಿನ್ನಿಗೆ ಕೂಡುವ ಜಾಗದಲ್ಲಿ ಮೂರು ಬೋಲ್ಟುಗಳಿದ್ದವು. ಮೂರರ ನಟ್ಟುಗಳೂ ಅಪ್ಪನ ಆಸ್ತಿ ಎಂಬಂತೆ ಗಟ್ಟಿಯಾಗಿ ಕಚ್ಚಿಕೊಂಡಿದ್ದವು. ಸೋಮವಾರ ಬೆಳಿಗ್ಗೆಯಿಂದ ಭಗವಂತ ಸೆಣಸಾಡಿದ. ನಟ್ಟು ತಿರುಗಿಸುವ ಪಾನಾ ಜಾರಿ ಒಂದು ನಟ್ಟಿನ ಮೂಲೆಗಳೆಲ್ಲ ಸವೆದು ದುಂಡಗಾದವು, ಅವನ ಗೆಣ್ಣಿನ ಚರ್ಮ ಕಿತ್ತು ರಕ್ತ ಬಂತು. ಸಿಟ್ಟು ನೆತ್ತಿಗೇರಿ ಸುತ್ತಿಗೆ, ಉಳಿ ಹಿಡಿದು ಮತ್ತೆ ಕಾರಿನ ಕೆಳಗೆ ನುಗ್ಗಿದ.

"ಹೊರಗ ಬಾ ಲೇ ಭಗವಂತ! ಮೊದಲ ಹೊರಗ ಬಾ!"

ಉಸ್ತಾದರ ಕೂಗಿಗೆ ಓಣಿಯೇ ತಿರುಗಿ ನೋಡಿತು. ಭಗವಂತ ತೆವಳಿ ಹೊರಬಂದ.

"ಬರೇ ಜಾಕ್ ಮ್ಯಾಲ ನಿಂತ ಗಾಡಿ ಕೆಳಗ ಹೋಗ್ತಾರೇನು? ಅದು ಜಾರಿದ್ರ ಮೊಮ್ಮಗನ ಮುಖ ಯಾರು ನೋಡಬೇಕು?"

ಹಿತ್ತಿಲಿನಿಂದ ಬೇವಿನ ದಪ್ಪ ದಿಮ್ಮಿಗಳನ್ನು ತರಿಸಿ, ಕಾರಿನ ಅಡಿಗೆ ಕೊಟ್ಟು, ಗಾಲಿಗಳಿಗೆ ಕಲ್ಲು ಒತ್ತಿ, ಕಾರು ಅಲುಗಾಡುವುದಿಲ್ಲ ಎಂದು ತಳ್ಳಿ ನೋಡಿದ ಮೇಲೆಯೇ ಉಸ್ತಾದ್ ಬೋಲ್ಟಿನ ಸುದ್ದಿಗೆ ಬಂದರು. ಬಗ್ಗಿ ನಟ್ಟನ್ನು ಬೆರಳಿನಿಂದ ಮುಟ್ಟಿದರು. ಕರಿ ಅರಗಿನಂಥದ್ದು ಏನೋ ಮೆತ್ತಿಕೊಂಡಿತ್ತು.

"ಇಲ್ಲಿ ಏನು ಹಾಕಿದ್ದಿ?"

"ಕುಸುಬಿ ಎಣ್ಣಿರಿ. ನಾಕು ವರ್ಷ ಒಂದ ಅಮಾಸಿ ತಪ್ಪಿಸಿಲ್ಲ," ಎಂದ ಭಗವಂತ ಹೆಮ್ಮೆಯಿಂದ.

ಉಸ್ತಾದ್ ತಲೆ ಮೇಲೆ ಕೈ ಹೊತ್ತು ರುಕ್ಮಿಣಿಬಾಯಿಯನ್ನು ಕರೆದರು. "ತಂಗಿ, ಭಜಿ ಕರಿಯೋ ಬಾಣಲಿ ಅಂಚಿಗೆ ಕುಸುಬಿ ಎಣ್ಣಿ ಬಿದ್ದು ಕಾದು ಕಾದು ಏನಾಗ್ತದ?"

"ಅಂಟ ಆಗಿ ಕುಂಡ್ರತದ್ರಿ. ಉಗುರಿಲೆ ಕೆರದ್ರೂ ಬರಂಗಿಲ್ಲ."

"ಕೇಳಿದಿ ಭಗವಂತ? ನಿಮ್ಮಪ್ಪ ಬಂಡಿಗೆ ಹಾಕಿದ್ದು ಔಡಲೆಣ್ಣಿ. ಬಂಡಿ ಕೀಲು ಒಲಿ ಹಂಗ ಕಾಯಂಗಿಲ್ಲ. ಇದು ಕೆಂಡದಂಗ ಕಾಯೋ ಜಾಗಾ. ನೀ ತುಕ್ಕು ತಪ್ಪಿಸಿಲ್ಲ, ತುಕ್ಕಿನ ಮ್ಯಾಲ ಅಂಟು ಹಚ್ಚೀದಿ."

ನಾಲ್ಕು ವರ್ಷದ ಭಕ್ತಿ ಹೀಗೆ ಅಂಟಾಗಿ ಕೂತಿದ್ದು ಕೇಳಿ ಭಗವಂತ ಪೆಚ್ಚಾದ. ರುಕ್ಮಿಣಿಬಾಯಿ ನಗು ತಡೆದುಕೊಳ್ಳಲು ಒಳಗೆ ಹೋದಳು.

"ಹಂಗಾರ ಉಳಿ ಹಚ್ಚಿ ಹೊಡದ ಬಿಡ್ತೇನ್ರಿ."

"ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಬೋಲ್ಟು ಎಂಜಿನ್ನಿನ ಬೀಡುಕಬ್ಬಿಣದಾಗ ಮುರದ್ರ ಅದನ್ನ ಬಿಚ್ಚಿ ಗುಲಬರ್ಗಾಕ್ಕ ಒಯ್ದು ಕೊರಸಬೇಕು. ಶುಕ್ರವಾರ ಅಲ್ಲ, ಮುಂದಿನ ಶುಕ್ರವಾರನೂ ಗಾಡಿ ಏಳಂಗಿಲ್ಲ. ನಮ್ಮ ಹತ್ರ ಮೂರು ದಿನ ಅದಾವ. ಮೂರು ದಿನ ಸಾಕು, ತಾಳ್ಮಿ ಇದ್ರ, ಸಬರ್ ಇದ್ರ."

ಉಸ್ತಾದರ ಔಷಧ ಸರಳವಾಗಿತ್ತು. ಮೊದಲು ಎಂಜಿನ್ ಪೂರ್ತಿ ತಣ್ಣಗಾಗಬೇಕು. ಆಮೇಲೆ ತಂತಿ ಬ್ರಷ್ಷಿನಿಂದ ಅಂಟು, ತುಕ್ಕು ಉದುರಿಸಬೇಕು. ಉದುರಿದ್ದು ಕಣ್ಣಿಗೆ ಬೀಳಬಾರದೆಂದು ತಮ್ಮ ದಪ್ಪ ಕನ್ನಡಕವನ್ನೇ ಭಗವಂತನ ಮೂಗಿಗೆ ಏರಿಸಿದರು. "ಉಸ್ತಾದ್, ನಟ್ಟು ತೆಂಗಿನಕಾಯಿ ಆಗಿ ಕಾಣಾಕತ್ತದ," ಎಂದು ಅವನು ಕೆಳಗಿನಿಂದ ಕೂಗಿದ. ಸೀಮೆಎಣ್ಣೆಗೆ ತೆಳುವಾದ ಮಷಿನ್ ಎಣ್ಣೆ ಬೆರೆಸಿ ಬೆಳಿಗ್ಗೆ, ಸಂಜೆ ನಾಲ್ಕು ನಾಲ್ಕು ಹನಿ ಬಿಟ್ಟು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ತಟ್ಟಿದಷ್ಟೂ ಎಣ್ಣೆ ಒಳಗೆ ಇಳಿಯುತ್ತದೆ. ಬೀಡಿ, ಬೆಂಕಿ ಹತ್ತಿರ ಸುಳಿಯಬಾರದು. ಭಗವಂತನ ಬೀಡಿ ಕಟ್ಟನ್ನು ರುಕ್ಮಿಣಿಬಾಯಿ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಳು.

ಮಂಗಳವಾರ ಒಂದು ನಟ್ಟೂ ಅಲುಗಲಿಲ್ಲ. ಭಗವಂತನ ತಾಳ್ಮೆ ಹರಿದುಹೋಯಿತು. "ಗ್ಯಾಸ್ ವೆಲ್ಡಿಂಗನವನ ಕರಸಿ ಕೆಂಪಗ ಕಾಸಿಬಿಡೂಣ್ರಿ."

"ಸೀಮೆಎಣ್ಣಿ ಕುಡಸೀದಿ, ಮಗ್ಗಲಕ ಪೆಟ್ರೋಲ್ ಪೈಪದ. ಕುಬಸದ ಬದಲಿ ಬ್ಯಾರೇನ ಆದೀತು. ಸುಮ್ಮ ಇನ್ನ ನಾಕು ಹನಿ ಬಿಡು."

ಬುಧವಾರ ಮಧ್ಯಾಹ್ನ ನಟ್ಟಿನ ಆರೂ ಮೂಲೆಗಳನ್ನು ಸುತ್ತಿ ಹಿಡಿಯುವ ರಿಂಗ್ ಪಾನಾ ಹಾಕಿಸಿದರು. "ಮೊದಲ ಬಿಚ್ಚಬ್ಯಾಡ. ಒಂದು ಎಳ್ಳಿನಷ್ಟು ಬಿಗಿ ಮಾಡು. ಹಾಂ, ಈಗ ಬಿಚ್ಚು. ಸಾಕು. ಮತ್ತ ಬಿಗಿ. ಮತ್ತ ಬಿಚ್ಚು." ಭಗವಂತ ಹಾಗೇ ಮಾಡಿದ. ಟಿಕ್ ಎಂದು ಒಂದು ಸಣ್ಣ ಸದ್ದು ಬಂತು. ಮುರಿಯಿತು ಎಂದು ಅವನು ಪಾನಾ ಬಿಟ್ಟುಬಿಟ್ಟ.

"ಬಿಟ್ತು!" ಎಂದರು ಉಸ್ತಾದ್.

ಎರಡನೆಯದೂ ಹಾಗೇ ಬಂತು. ಮೂಲೆ ಸವೆದ ಮೂರನೆಯದನ್ನು ಪಾನಾ ಹಿಡಿಯಲಿಲ್ಲ. ಉಸ್ತಾದ್ ಆಸೆ ಬಿಡಲಿಲ್ಲ. ಗರಗಸದ ಎಲೆಯಿಂದ ನಟ್ಟಿನ ಒಂದು ಬದಿಯನ್ನಷ್ಟೇ, ಬೋಲ್ಟಿನ ಸುರುಳಿ ಗೀರುಗಳಿಗೆ ತಾಗದಂತೆ ಕೊಯ್ಯಿಸಿ, ಆ ಸೀಳಿಗೆ ಉಳಿ ಇಟ್ಟು ಒಂದೇ ಏಟು ಹೊಡೆಸಿದರು. ನಟ್ಟು ಕಡಲೆಸಿಪ್ಪೆಯಂತೆ ಬಾಯಿಬಿಟ್ಟಿತು, ಬೋಲ್ಟು ಹಾಗೇ ಉಳಿಯಿತು. "ನಟ್ಟು ಹೋದ್ರ ಅಂಗಡ್ಯಾಗ ಸಿಗತದ. ಬೋಲ್ಟು ಉಳೀಬೇಕು."

ಗುರುವಾರ ಹೊಸ ಪೈಪು ಕೂತಿತು. ಹಳೆಯ ನಟ್ಟುಗಳನ್ನು ಭಗವಂತ ಜೇಬಿಗೆ ಹಾಕಿಕೊಳ್ಳುವುದನ್ನು ನೋಡಿ ಉಸ್ತಾದ್ ಕಸಿದು ಎಸೆದರು. ಹೊಸ ಹಿತ್ತಾಳೆ ನಟ್ಟು, ಸಂದಿ ಮುಚ್ಚಲು ಹೊಸ ಪ್ಯಾಕಿಂಗು, ಬೋಲ್ಟಿನ ಗೀರುಗಳಿಗೆ ಕಾವು ತಾಳುವ ಗ್ರಾಫೈಟ್ ಗ್ರೀಸು. "ಹಾಕೋವಾಗನ ತೆಗಿಯೋ ದಿನ ನೆನಸಬೇಕು," ಎಂದರು. ಕೊನೆಗೆ ಬಯಲಿನಲ್ಲಿ ಎಂಜಿನ್ ಚಾಲೂ ಮಾಡಿ, ದೂರ ಕೂತು, ಕಣ್ಣು ಮುಚ್ಚಿ ಕೇಳಿದರು. ಎಲ್ಲಿಯೂ ಬುಸುಗುಡುವ ಸದ್ದಿರಲಿಲ್ಲ. ಭಗವಂತ ಎಂಜಿನ್ ನಿಲ್ಲಿಸಿ ಇಳಿದು ಬಂದ. ಎಣ್ಣೆಗೈಯಲ್ಲೇ ಅವರ ಪಾದ ಮುಟ್ಟಲು ಹೋದ. "ನನ್ನ ಪೈಜಾಮಾ ಹೊಲಸ ಮಾಡಬ್ಯಾಡ ಮಾರಾಯಾ," ಎಂದು ಅವರು ಹಿಂದೆ ಸರಿದರು. ಆದರೆ ಅವರ ಕಣ್ಣು ಒದ್ದೆಯಾಗಿತ್ತು.

ಶುಕ್ರವಾರ ಕುಬಸ ಚೆನ್ನಾಗಿ ಮುಗಿಯಿತು. ಹಸಿರು ಸೀರೆಯುಟ್ಟ ಚಂದಮ್ಮ ಕಾರು ಹತ್ತುವಾಗ ಹೆದರಿದ್ದಳು. ವಾಂತಿಗೆಂದು ತಗಡಿನ ಡಬ್ಬಿ ಹಿಡಿದಿದ್ದಳು. ಮಣ್ಣೂರು ದಾಟಿತು, ಅಫಜಲಪುರ ದಾಟಿತು. ಗಾಣಗಾಪುರದ ದತ್ತನಿಗೆ ಕೈ ಮುಗಿದೇ ಹೋಗೋಣ ಎಂದು ಚೌಡಾಪುರದ ದಾರಿ ಹಿಡಿದಿದ್ದರು. ಹಿಂದಿನ ಸೀಟಿನಿಂದ ಸದ್ದೇ ಇಲ್ಲ. ಭಗವಂತ ಕನ್ನಡಿಯಲ್ಲಿ ಮತ್ತೆ ಮತ್ತೆ ನೋಡಿದ. ತಾಯಿಯ ಹೆಗಲಿಗೆ ಒರಗಿ ಮಗಳು ಕಣ್ಣು ಮುಚ್ಚಿದ್ದಳು. ಚೌಡಾಪುರದಲ್ಲಿ ಗಾಡಿ ನಿಲ್ಲಿಸಿಯೇಬಿಟ್ಟ.

"ಚಂದವ್ವ, ಏನಾತ ಬೇ? ತಲಿ ನೋವು ಬಂತೇನು?"

ಚಂದಮ್ಮ ಕಣ್ಣು ಬಿಟ್ಟು ರಸ್ತೆಬದಿಯ ಹೋಟೆಲಿನ ಕಡೆ ನೋಡಿದಳು.

"ಇಲ್ಲಪ್ಪ. ಹೊಟ್ಟಿ ಹಸದದ. ಬಿಸಿ ಭಜಿ ವಾಸನಿ ಬರಾಕತ್ತದ."

ರುಕ್ಮಿಣಿಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. ಭಗವಂತ ಒಂದು ಪೊಟ್ಟಣ ಮಗಳಿಗೆ ಕಟ್ಟಿಸಿದ, ಇನ್ನೊಂದು ಉಸ್ತಾದರಿಗೆ.

ಅಣ್ಣಗಳಿರಾ, ಅಕ್ಕಗಳಿರಾ, ಗಾಡಿ ಹತ್ತಿದವರಿಗೆಲ್ಲ ತಲೆ ಸುತ್ತುತ್ತಿದ್ದರೆ ದೃಷ್ಟಿ ಇಳಿಸಿ ಸುಮ್ಮನಾಗಬೇಡಿ. ಗಾಡಿ ನಿಲ್ಲಿಸಿ, ಎಲ್ಲರನ್ನೂ ಗಾಳಿಗೆ ಇಳಿಸಿ, ನೋವು ಹೋಗದಿದ್ದರೆ ದವಾಖಾನೆಗೆ ನಡೆಯಿರಿ. ಪೈಪು ಒಡೆದಿದ್ದರೆ ಬದಲಿಸುವ ತನಕ ಯಾರನ್ನೂ ಕೂರಿಸಬೇಡಿ. ಬೋಲ್ಟು ಬಾರದಿದ್ದರೆ ಅದರ ಮೇಲೆ ಸಿಟ್ಟು ಮಾಡಬೇಡಿ, ಸಮಯ ಕೊಡಿ. ಬರೀ ಜಾಕನ್ನು ನಂಬಿ ಕೆಳಗೆ ಹೋಗಬೇಡಿ. ಕೈಲಾಗದಿದ್ದರೆ ಬಲ್ಲವರನ್ನು ಕರೆಯಿರಿ, ಅದರಲ್ಲಿ ನಾಚಿಕೆಯಿಲ್ಲ. ಡ್ರೈವರ್ ಅಣ್ಣ, ನಿನ್ನ ಹಿಂದೆ ಕೂತವರು ನಿನ್ನನ್ನು ನಂಬಿ ಉಸಿರಾಡುತ್ತಾರೆ. ಇವತ್ತೇ, ಎಂಜಿನ್ ತಣ್ಣಗಿರುವಾಗ, ಒಮ್ಮೆ ಬಗ್ಗಿ ನೋಡು.